ಅಕ್ಷರದ ಗುಂಡು: ತೊಳೆದು ಕುಡಿಯುವುದೋ, ಓದಿ ನಡೆಯುವುದೋ?





ನಮ್ಮ ದೊಡ್ಡಆಲಹಳ್ಳಿ ಸೀಮೆಯಲ್ಲಿ ಬೆಟ್ಟಕ್ಕೆ ಹೋಗಿ ಬಂದೆ ಎಂದರೆ ಹರಕೆ ತೀರಿಸಿ ಬಂದೆ ಎಂದೇ ಅರ್ಥ. ಹಾಗಾಗಿ ಬಳಗದ ಹಿರಿಯ ತಾಯಂದಿರು ಆಗಾಗ ಒಂದು ಮಾತು ಕೇಳುತ್ತಾರೆ: "ಮೇಷ್ಟ್ರೇ, ಬುದ್ಧನ ಕಡೆಗೆ ಬಂದ ಮೇಲೆ ನಮಗೂ ಒಂದು ಕ್ಷೇತ್ರ ಅಂತ ಬ್ಯಾಡ್ವಾ? ಅಲ್ಲಿಗೆ ಹೋದ್ರೆ ಏನ್ ಸಿಕ್ತದೆ?" ನಗುವ ಪ್ರಶ್ನೆಯಲ್ಲ ಇದು. ಗುಡಿಯ ಹೊರಗೇ ಕೈಮುಗಿದು ಬಂದ ತಲೆಮಾರಿನವರ ಪ್ರಶ್ನೆ. ಇಂದು ಇದನ್ನೇ ಚಿಂತಿಸೋಣ.

ಬೋಧಗಯಾ, ಸಾರನಾಥ, ನಾಗಪುರದ ದೀಕ್ಷಾಭೂಮಿ ನಮಗೆಲ್ಲ ಗೊತ್ತು. ಆದರೆ ನಮ್ಮ ಕನ್ನಡ ನಾಡಿನಲ್ಲೇ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಎಂಬ ಮೂರು ಜಾಗಗಳಿವೆ. ಒಂದಕ್ಕೊಂದು ಹತ್ತಿರ. ಮೂರರಲ್ಲೂ ಬಂಡೆಯ ಮೇಲೆ ಅಶೋಕ ಸಾಮ್ರಾಟನ ಧಮ್ಮಲಿಪಿ ಇದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. 1892ರಲ್ಲಿ ಬಿ.ಎಲ್. ರೈಸ್ ಅವರು ಇವುಗಳನ್ನು ಪತ್ತೆಮಾಡಿದರು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯ ಬರಹ.

ಅಲ್ಲಿಯ ಜನ ಆ ಬಂಡೆಗಳಿಗೆ ಇಟ್ಟ ಹೆಸರು ಕೇಳಿ. ಬ್ರಹ್ಮಗಿರಿಯದು 'ಅಕ್ಷರ ಗುಂಡು'. ಓದಲು ಬಾರದಿದ್ದರೂ ಅದು ಅಕ್ಷರ ಎಂದು ಜನಕ್ಕೆ ತಿಳಿದಿತ್ತು. ಆ ಬಂಡೆ ತೊಳೆದ ನೀರನ್ನು ಔಷಧಿ ಎಂದು ನಂಬಿದ್ದರು. ಜಟಿಂಗ ರಾಮೇಶ್ವರ ಬೆಟ್ಟದ ಬಂಡೆ 'ಬಳೆಗಾರ ಗುಂಡು'. ಗುಡಿಯ ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆ ಅಂಗಡಿ ಹಾಕುತ್ತಿದ್ದರು. ಅಲ್ಲಿ ಅಕ್ಷರಗಳು ಬಹಳ ಸವೆದಿವೆ. ಒಂದು ಕಡೆ ಅಕ್ಷರವನ್ನು ತೊಳೆದು ಕುಡಿದರು, ಇನ್ನೊಂದು ಕಡೆ ತುಳಿದು ನಡೆದರು. ಎರಡೂ ಕಡೆ ಓದಿದವರಿಲ್ಲ. ಆ ಜನರನ್ನು ದೂರಬೇಡಿ. ಆ ಲಿಪಿಯನ್ನು ಓದುವ ವಿದ್ಯೆಯೇ ನಾಡಿನಿಂದ ಮರೆಯಾಗಿತ್ತು. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದಿ ತೋರಿಸಬೇಕಾಯಿತು.

ಹಾಗಾದರೆ ಅಲ್ಲಿ ಬರೆದಿರುವುದೇನು?

ಮೊದಲಿಗೆ, ಸುವರ್ಣಗಿರಿಯಲ್ಲಿದ್ದ ರಾಜಪ್ರತಿನಿಧಿ ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸುತ್ತಾನೆ. ಆಮೇಲೆ ಸಾಮ್ರಾಟನ ಮಾತು. ಅದರ ಸಾರ ಇಷ್ಟು: ನಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು. ಮೊದಲ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲ. ಸಂಘದ ಹತ್ತಿರ ಬಂದ ಮೇಲೆ, ಈಗ ಒಂದು ವರ್ಷಕ್ಕೂ ಮಿಕ್ಕಿ ಚೆನ್ನಾಗಿ ಶ್ರಮಿಸಿದ್ದೇನೆ. ಇದರ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಶ್ರಮಪಟ್ಟರೆ ಸಣ್ಣವರೂ ಪಡೆಯಬಹುದು. ಸಣ್ಣವರೂ ದೊಡ್ಡವರೂ ಶ್ರಮಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ.

ಇಲ್ಲಿ ಎರಡು ಪದ ಗಮನಿಸಿ. ಸಣ್ಣವರು ಎನ್ನಲು ಶಾಸನದಲ್ಲಿರುವ ಪದ 'ಖುದಕ'. ಅದೇ ಸಂಸ್ಕೃತದ ಕ್ಷುದ್ರಕ. ಇವತ್ತು ಕನ್ನಡದಲ್ಲಿ 'ಕ್ಷುದ್ರ' ಎಂದರೆ ಬೈಗುಳ. ಆದರೆ ಬಂಡೆಯ ಮೇಲೆ ಅದು ಬೈಗುಳವಾಗಿಲ್ಲ, ಬಾಗಿಲು ತೆರೆದು ಕರೆಯುವ ಮಾತಾಗಿದೆ. ಎರಡನೆಯದು 'ಪಕಮ', ಅಂದರೆ ಪರಾಕ್ರಮ. ನಾವು ಅದನ್ನು ಯುದ್ಧಕ್ಕೆ ಬಳಸುತ್ತೇವೆ. ಕಳಿಂಗದಲ್ಲಿ ಯುದ್ಧ ಮಾಡಿದ್ದ ಅದೇ ರಾಜ ಇಲ್ಲಿ ಅದನ್ನು ಬಿಡದೆ ಪಡುವ ಶ್ರಮ ಎಂಬ ಅರ್ಥದಲ್ಲಿ ಬಳಸಿದ್ದಾನೆ.

ಆ ಫಲವನ್ನು ಶಾಸನ ಸ್ವರ್ಗ ಎಂದು ಕರೆಯುತ್ತದೆ, ಆ ಕಾಲದ ಜನಕ್ಕೆ ತಿಳಿಯುವ ಮಾತಿನಲ್ಲಿ. ನಮಗೆ ಬಾಬಾಸಾಹೇಬರು ಹೇಳಿಕೊಟ್ಟ ಧಮ್ಮ ಮನುಷ್ಯ ಮನುಷ್ಯನೊಡನೆ ಹೇಗೆ ಬಾಳಬೇಕು ಎಂಬುದು. ಬಂಡೆಯ ಮುಂದಿನ ಸಾಲುಗಳು ಹೇಳುವುದೂ ಅದನ್ನೇ: ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು, ನೆಂಟರಲ್ಲಿ ಸರಿಯಾಗಿ ನಡೆದುಕೊಳ್ಳಬೇಕು.

ಭಯ ಬಿದ್ದ ಮನುಷ್ಯರು ಬೆಟ್ಟ, ಕಾಡು, ಮರ, ಗುಡಿಗಳಿಗೆ ಶರಣು ಹೋಗುತ್ತಾರೆ, ಅದು ಕ್ಷೇಮದ ಶರಣಲ್ಲ ಎಂದು ಧಮ್ಮಪದ ಎಚ್ಚರಿಸುತ್ತದೆ. ಬ್ರಹ್ಮಗಿರಿಗೆ ಹೋಗಿ ನಾವು ಆ ಬಂಡೆಗೇ ಕಾಯಿ ಒಡೆದು, ಕುಂಕುಮ ಹಚ್ಚಿ, ಫೋಟೊ ಹಿಡಿದು ಬಂದರೆ ಇನ್ನೊಂದು ಹರಕೆಯ ಬೆಟ್ಟ ಮಾಡಿಕೊಂಡಂತೆ. ಹಳಬರು ತೊಳೆದು ಕುಡಿದದ್ದಕ್ಕೆ ಓದು ಇಲ್ಲವೆಂಬ ಕಾರಣವಿತ್ತು. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಓದಿದ್ದಾರೆ. ನಮಗೆ ಯಾವ ಕಾರಣವಿದೆ?

ಹಾಗಾದರೆ ಹೋಗುವುದೇ ಬೇಡವೇ? ಖಂಡಿತ ಹೋಗೋಣ, ಮಕ್ಕಳನ್ನೂ ಕರೆದುಕೊಂಡು ಹೋಗೋಣ. "ಸಣ್ಣವರಿಂದಲೂ ಆಗುತ್ತದೆ" ಎಂದು ಒಬ್ಬ ಸಾಮ್ರಾಟ ನಮ್ಮ ನಾಡಿನ ಕಲ್ಲಿನ ಮೇಲೆ ಬರೆಸಿದ್ದನ್ನು ಅವರು ಕಣ್ಣಾರೆ ನೋಡಲಿ. ಅಲ್ಲಿ ಸಿಗುವುದು ಪ್ರಸಾದವಲ್ಲ, ಒಂದು ಕೆಲಸ. ಆ ಕೆಲಸ ಮಾಡಬೇಕಾದ ಜಾಗ ಮಾತ್ರ ನಮ್ಮ ಮನೆ, ನಮ್ಮ ಬೀದಿ.

1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ಬಾಬಾಸಾಹೇಬರು ದೀಕ್ಷೆ ಪಡೆದು ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು ಒಂಬತ್ತನೆಯದು, ಸಮಾನತೆಯನ್ನು ನೆಲೆಗೊಳಿಸಲು ಶ್ರಮಿಸುವುದು ಹತ್ತನೆಯದು. ಬರೀ ನಂಬಿಕೆಗೆ ನಿಲ್ಲಿಸದೆ ಪಕ್ಕದಲ್ಲೇ ಶ್ರಮವನ್ನೂ ಇಟ್ಟರು. ಅದೇ ಪಕಮ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆ ಪ್ರತಿಜ್ಞೆಗಳು ಕಟ್ಟು ಹಾಕಿಸಿಕೊಂಡು ಗೋಡೆ ಮೇಲಿವೆ. ಅದೂ ಒಂದು ಅಕ್ಷರ ಗುಂಡೇ.

*ಇಂದಿನ ಅಭ್ಯಾಸ:* ರಾತ್ರಿ ಊಟಕ್ಕೆ ಮುಂಚೆ ಮನೆಯ ಮಗು ಒಂಬತ್ತು, ಹತ್ತನೆಯ ಪ್ರತಿಜ್ಞೆಗಳನ್ನು ಗಟ್ಟಿಯಾಗಿ ಓದಲಿ. ಓದು ಬಾರದ ಅಜ್ಜ ಅಜ್ಜಿಯರಿದ್ದರೆ ಅವರ ಪಕ್ಕದಲ್ಲೇ ಕೂತು ಓದಲಿ. ಸೊಸೆಗೂ ಮಗಳಿಗೂ ತಟ್ಟೆ ಒಂದೇ ಹೊತ್ತಿಗೆ ಬೀಳಲಿ. ನಮ್ಮೊಳಗೇ ಇರುವ ಒಳಪಂಗಡದ ಮೇಲುಕೀಳಿನ ಮಾತು ನಾಲಗೆಗೆ ಬಂದರೆ ಅಲ್ಲೇ ನಿಲ್ಲಿಸೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.