ಕಪ್ಪೆಯ ಒಪ್ಪಿಗೆ

ಮಿರಗ (ಮೃಗಶಿರಾ ಮಳೆ) ಕೂಡಿ ವಾರ ಕಳೆದರೂ ಹನಿ ಬೀಳದಿದ್ದರೆ ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಎರಡು ಭಾಷೆಗಳಲ್ಲಿ ಮಳೆ ಬೇಡುವುದುಂಟು. ಕನ್ನಡದಲ್ಲಿ ಗುರ್ಜಿ: ರೊಟ್ಟಿ ಹಂಚಿನ ಮೇಲೆ ಸೆಗಣಿಯ ಮುದ್ದೆ, ಅದಕ್ಕೆ ಸಿಕ್ಕಿಸಿದ ಕರಕಿ, ಹೊತ್ತ ಹುಡುಗನ ನೆತ್ತಿಗೆ ಮನೆಮನೆಯವರ ತಂಬಿಗೆ ನೀರು. ಮರಾಠಿಯಲ್ಲಿ ಧೋಂಡಿ: ಮೈತುಂಬ ಬೇವಿನ ತಪ್ಪಲು ಸುತ್ತಿಕೊಂಡ ಹುಡುಗ, ಕೆಲವು ಕಡೆ ಕೋಲಿಗೆ ಕಟ್ಟಿದ ಜೀವಂತ ಕಪ್ಪೆ. ಹುಡುಗನ ಬಗ್ಗೆ ನನ್ನ ತಕರಾರಿಲ್ಲ. ನೆನೆದು ನಗುತ್ತಾನೆ, ಜೋಳದ ಹಿಟ್ಟೂ ಗಿಟ್ಟುತ್ತದೆ. ನನ್ನ ತಕರಾರು ಕಪ್ಪೆಯದು. ನಮ್ಮ ಸಂಕಟ ದೇವರಿಗೆ ಮುಟ್ಟಲೆಂದು ಇನ್ನೊಂದು ಜೀವವನ್ನು ಸಂಕಟಕ್ಕೆ ದೂಡಿದರೆ ಅದು ಪ್ರಾರ್ಥನೆಯೇ?

ಕುರನೂರಿನ ನಮ್ಮ ಮನೆಯ ಬಚ್ಚಲ ಮೂಲೆಯಲ್ಲಿ, ಹರವಿಯ ಕೆಳಗೆ, ಒಂದು ನೆಲಗಪ್ಪೆ ಇದೆ. ಗಂಟುಗಂಟು ಮೈ, ಕಣ್ಣಿನ ಹಿಂದೆ ಎರಡು ಉಬ್ಬು. ಆ ಉಬ್ಬಿನಲ್ಲಿ ವಿಷದ ಹಾಲಿರುತ್ತದೆ. ಬಾಯಿ ಹಾಕಿದ ನಾಯಿ ನೊರೆ ಕಾರುತ್ತದೆ. ಹುಳ ನುಂಗುವಾಗ ಇದು ಎರಡೂ ಕಣ್ಣು ಮುಚ್ಚುತ್ತದೆ. ಧ್ಯಾನವೇನಲ್ಲ, ಕಣ್ಣುಗುಡ್ಡೆಗಳೇ ಒಳಗಿಳಿದು ತುತ್ತನ್ನು ಗಂಟಲಿಗೆ ನೂಕುತ್ತವೆ. ನೀರನ್ನು ಬಾಯಿಂದ ಕುಡಿಯುವುದಿಲ್ಲ. ಒದ್ದೆ ನೆಲಕ್ಕೆ ಹೊಟ್ಟೆಯಾನಿಸಿ ಕೂತರೆ ಚರ್ಮವೇ ಹೀರಿಕೊಳ್ಳುತ್ತದೆ. ಅಂದಮೇಲೆ ಮಳೆಗೆಂದು ಮಾಡುವ ಕಪ್ಪೆ ಮದುವೆಯಲ್ಲಿ ಮೈಗೆ ಬಳಿದ ಅರಿಷಿಣ ಕುಂಕುಮ ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. 2019ರ ಜೂನಿನಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಎಂದು ಹೆಸರಿಟ್ಟು ಕಪ್ಪೆಗಳಿಗೆ ಮದುವೆ ಮಾಡಿದರು. ಅದೇ ವರ್ಷ ಭೋಪಾಲದಲ್ಲಿ ಮಳೆ ಅತಿಯಾಯಿತೆಂದು, ಜುಲೈಯಲ್ಲಿ ಕಟ್ಟಿದ ಗಂಟನ್ನು ಸೆಪ್ಟೆಂಬರಿನಲ್ಲಿ ಬಿಡಿಸಿ ವಿಚ್ಛೇದನವನ್ನೂ ಕೊಡಿಸಿದರು! ಕಪ್ಪೆಯ ಒಪ್ಪಿಗೆಯನ್ನು ಎರಡು ಸಲವೂ ಯಾರೂ ಕೇಳಲಿಲ್ಲ.

ನಮ್ಮ ಓಣಿಯ ಹುಡುಗರು ಒಮ್ಮೆ ಡಬ್ಬಿಯಲ್ಲಿ ಕಪ್ಪೆ ಹಿಡಿದು ತಂದಾಗ, ಅದನ್ನು ಬಿಟ್ಟು ಎರಿ ಮಣ್ಣಿನದೊಂದು ಮಾಡಿಕೊಳ್ಳಿರೆಂದೆ. "ಮಣ್ಣಿನ ಕಪ್ಪಿ ಒದರೂದಿಲ್ಲಲ್ರೀ ಗುರೂಜಿ?" ಎಂದ ಒಬ್ಬ. "ಒದರ್ಲಿಕ್ಕೆ ನೀವಿದ್ದೀರೆಲ್ಲೋ!" ಎಂದೆ. ಅದೇ ಅವರಿಗೆ ಸಾಕಾಯಿತು.

ಮಳೆ ಬೇಡುವಲ್ಲಿ ದನಿಗೂಡಿಸುವುದೇ ಮುಖ್ಯವೆಂಬ ಈ ಮಾತು ನನ್ನ ಸ್ವಂತದ್ದಲ್ಲ, ಋಗ್ವೇದದಿಂದ ಕಡ ತಂದದ್ದು. ಏಳನೆಯ ಮಂಡಲದ 103ನೆಯ ಸೂಕ್ತ ಪೂರ್ತಿ ಕಪ್ಪೆಗಳದೇ. ವ್ರತ ಹಿಡಿದ ಬ್ರಾಹ್ಮಣರ ಹಾಗೆ ವರ್ಷವಿಡೀ ಮಲಗಿದ್ದವು ಮಳೆದೇವ ಪರ್ಜನ್ಯ ಬಂದೊಡನೆ ದನಿ ತೆಗೆಯುತ್ತವೆ. ಗುರು ಹೇಳಿದ್ದನ್ನು ಶಿಷ್ಯ ಹೇಳುವಂತೆ ಒಂದರ ಮಾತನ್ನು ಇನ್ನೊಂದು ಹೇಳುತ್ತದೆ. ಪುರೋಹಿತರ ಮೇಲಿನ ಅಣಕವಿದು ಎಂದ ಮ್ಯಾಕ್ಸ್ ಮುಲ್ಲರ್. ಬೇಸಿಗೆಯಲ್ಲಿ ಬಿರಿದ ಎರಿ ಹೊಲದ ಸಂದಿನಿಂದ ನೆಲಗಪ್ಪೆ ಎದ್ದು ಬರುವುದನ್ನು ಕಂಡವರಿಗೆ ಅಣಕ ಕಾಣುವುದಿಲ್ಲ. ವೇದಪದಗಳ ಅರ್ಥ ಬಿಡಿಸುವ ಯಾಸ್ಕನ ನಿರುಕ್ತ ಹೇಳುವ ಕಥೆಯೇ ನನಗೆ ಹಿಡಿಸುತ್ತದೆ: ಮಳೆ ಬೇಕೆಂದು ವಸಿಷ್ಠ ಪರ್ಜನ್ಯನನ್ನು ಹೊಗಳಿದ, ಕಪ್ಪೆಗಳು ಅನುಮೋದಿಸಿದವು, ಅದನ್ನು ಕಂಡು ವಸಿಷ್ಠ ಅವನ್ನೂ ಹೊಗಳಿದ. ಮಂಡೂಕವೆಂದರೆ ಮುಳುಗುವುದು, ಇಲ್ಲವೇ ಹಿಗ್ಗುವುದು ಎಂದೂ ಯಾಸ್ಕ ಅರ್ಥ ಬಿಡಿಸುತ್ತಾನೆ. ಆ ಕಥೆಯಲ್ಲಿ ಕಪ್ಪೆ ಋಷಿಯ ಜೊತೆ ದನಿಗೂಡಿಸುವ ಪಾಲುದಾರ. ಅದನ್ನು ಕೋಲಿಗೆ ಕಟ್ಟುವವರು ವೇದವನ್ನು ಸಾಕ್ಷಿಗೆ ಕರೆಯುವ ಹಾಗಿಲ್ಲ.

ಮಳೆ ಬೇಡುವುದೊಂದೇ ದಾರಿಯಲ್ಲ, ಬಂದ ನೀರು ನಿಲ್ಲಿಸುವುದೂ ಒಂದು; ಅದಕ್ಕೆ ಸಾಕ್ಷಿ ಸೊಲ್ಲಾಪುರದ ಸಿದ್ಧರಾಮ. ಹನ್ನೆರಡನೆಯ ಶತಮಾನದ ಈ ಶಿವಯೋಗಿ, ಅಂದು ಸೊನ್ನಲಿಗೆಯೆನಿಸಿದ್ದ ಆ ಬರದ ಊರಿನಲ್ಲಿ, ಭಕ್ತರ ಕೈಗೆ ಸಲಿಕೆ ಕೊಟ್ಟು ಕೆರೆ ತೋಡಿಸಿದ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಬಂದು ಅವನನ್ನು ಮಣ್ಣು ಅಗೆಯುವ ಒಡ್ಡನೆಂದು ಮೂದಲಿಸುತ್ತಾನೆ. ಹೊರಗಿನ ಮಣ್ಣು ಅಗೆದರೆ ಒಳಗಿನದು ತಿಳಿದೀತೇ ಎಂಬುದು ಅವನ ವಾದ. ಅಲ್ಲಮನ ಪ್ರಶ್ನೆ ದೊಡ್ಡದು. ಸಿದ್ಧರಾಮ ತಲೆಬಾಗಿ ಕಲ್ಯಾಣದ ಹಾದಿ ಹಿಡಿದ. ನಾನು ಮಾತ್ರ ಇನ್ನೂ ಒಡ್ಡನ ಪಕ್ಷ. ನೆಲಗಪ್ಪೆ ಉದ್ದನೆಯ ದಾರದಂತೆ ತತ್ತಿ ಇಡುತ್ತದೆ, ಅದಕ್ಕೆ ನಿಂತ ನೀರು ಬೇಕು. ಗೊದಮೊಟ್ಟೆಗೆ ಕಾಲು ಮೂಡುವವರೆಗೆ ಆ ನೀರು ಆರಬಾರದು. ಕಪ್ಪೆಯ ಕಡೆಯಿಂದ ನೋಡಿದರೆ ಒಡ್ಡನೆಂಬ ಬೈಗುಳವೇ ಬಿರುದು.