ಜೀರ್ಣವಸ್ತ್ರ

ಪ್ರಿಯರಾದವರು ಗತಿಸಿದ ಬಳಿಕ ಉಳಿದವರು ಸಮಾಧಾನವನ್ನು ಹೊಂದುವುದು ಧರ್ಮವೇ, ಅಥವಾ ಅದು ಮೃತರ ವಿಷಯದಲ್ಲಿ ಒಂದು ಬಗೆಯ ಕೃತಘ್ನತೆಯೇ? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ವಿರಳ. ಆದರೆ ದುಃಖದ ಮನೆಯಲ್ಲಿ ಮೊದಲನೆಯ ಸಲ ನಗುವು ಕೇಳಿಬಂದಾಗ, ನಕ್ಕವರೂ ಕೇಳಿದವರೂ ತಪ್ಪು ಮಾಡಿದವರಂತೆ ಕ್ಷಣಕಾಲ ಸುಮ್ಮನಾಗುವುದನ್ನು ಎಲ್ಲರೂ ಕಂಡಿರುವರು. ಈ ವಿಷಯದಲ್ಲಿ ನನಗೆ ಪಾಠ ಹೇಳಿದುದು ಒಂದು ಕೌದಿ. ಅದರ ವೃತ್ತಾಂತವನ್ನು ವಾಚಕರ ಮುಂದಿಡುವೆನು.

ಕಳೆದ ಫಾಲ್ಗುಣ ಮಾಸದಲ್ಲಿ ನನ್ನ ಪತ್ನಿಯು ಕಾಲವಾದಳು. ಸಿದ್ಧಕಟ್ಟೆಯ ನಮ್ಮ ಮನೆಯಲ್ಲಿ ಅವಳ ಮಡಿಲಲ್ಲಿಯೇ ಬೆಳೆದ ಮೊಮ್ಮಗಳೊಬ್ಬಳಿದ್ದಾಳೆ. ಈಗ ಕಾಲೇಜಿಗೆ ಹೋಗುತ್ತಾಳೆ. ಅಜ್ಜಿಯು ಹೋದ ಮೇಲೆ ಹುಡುಗಿಯು ಅತ್ತುದಕ್ಕಿಂತ ಮೌನವಾಗಿದ್ದುದೇ ಹೆಚ್ಚು. ಮೂವತ್ತೈದು ವರ್ಷ ಪಾಠ ಹೇಳಿದ ಅಭ್ಯಾಸಬಲದಿಂದ ನಾನು ಅವಳಿಗೂ ಪಾಠವನ್ನೇ ಹೇಳಿದೆನು. ಮನುಷ್ಯನು ಹಳೆಯ ವಸ್ತ್ರವನ್ನು ಕಳಚಿ ಹೊಸದನ್ನು ಉಡುವಂತೆ ದೇಹಿಯು ಜೀರ್ಣವಾದ ಶರೀರವನ್ನು ಬಿಟ್ಟು ಬೇರೊಂದನ್ನು ಪಡೆಯುವನೆಂಬ ಗೀತೆಯ ಎರಡನೆಯ ಅಧ್ಯಾಯದ ಮಾತನ್ನು ಪದಪದವಾಗಿ ವಿವರಿಸಿದೆನು. ಅವಳು ತಾಳ್ಮೆಯಿಂದ ಕೇಳಿ, ಕಡೆಗೆ ಒಂದು ಮಾತನ್ನು ಆಡಿದಳು.

“ಅಜ್ಜ, ಹೋದವರಿಗೆ ಹೊಸ ಬಟ್ಟೆ ಸಿಕ್ಕಿತು, ಸರಿ. ಹಳೆಯ ಬಟ್ಟೆ ನಮ್ಮ ಹತ್ತಿರವೇ ಉಳಿಯಿತಲ್ಲ, ಅದನ್ನು ನಾವೆಂತ ಮಾಡುವುದು?”

ನಾನು ನಿರುತ್ತರನಾದೆನು. ಅದೇಕೆಂದರೆ, ಹೋಗುವ ದೇಹಿಯ ವಿಷಯವಾಗಿ ಆ ಶ್ಲೋಕವು ಎಲ್ಲವನ್ನೂ ಹೇಳುತ್ತದೆ. ಉಳಿಯುವ ವಸ್ತ್ರದ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಹುಡುಗಿಯ ಮಾತು ಉಪಮಾನವೂ ಆಗಿರಲಿಲ್ಲ. ಒಳ್ಳೆಯ ಸೀರೆಗಳನ್ನು ಆಗಲೇ ದಾನಮಾಡಿ ಆಗಿತ್ತು. ಪೆಟ್ಟಿಗೆಯಲ್ಲಿ ಉಳಿದುವು ನೂಲಿನ ಹಳೆಯ ಸೀರೆಗಳು, ಅಂಚು ಹರಿದವು, ಅರಸಿನದ ಕಲೆ ಹಿಡಿದವು, ಯಾರಿಗೂ ಕೊಡಲು ಯೋಗ್ಯವಲ್ಲದವು.

ಅವಳ ಗೆಳತಿಯೊಬ್ಬಳ ತಂದೆಯು ಹಳಿಯಾಳದ ಕಡೆಯಿಂದ ಬಂದು ಇಲ್ಲಿ ಅಧ್ಯಾಪಕರಾಗಿರುವರು. ಆ ಮನೆಯ ತಾಯಿಗೆ ಕೌದಿಯನ್ನು ಹೊಲಿಯುವ ವಿದ್ಯೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಅಷ್ಟಾಗಿ ರೂಢಿಯಲ್ಲಿಲ್ಲದಿದ್ದರೂ, ಘಟ್ಟದ ಮೇಲೆ, ಉತ್ತರದ ಸೀಮೆಯಲ್ಲಿ, ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸಾಲುಸಾಲಾಗಿ ದಾರವೆಳೆದು ಹೊದಿಕೆಯನ್ನು ಮಾಡುವುದು ಮನೆಮನೆಯ ಕೆಲಸ. ಆಷಾಢದ ಮಳೆಯಲ್ಲಿ, ರಜೆಯ ಮಧ್ಯಾಹ್ನಗಳಲ್ಲಿ, ನಾಲ್ವರು ಹುಡುಗಿಯರು ನಮ್ಮ ಚಾವಡಿಯಲ್ಲಿ ಆ ತಾಯಿಯನ್ನು ಸುತ್ತುವರಿದು ಕುಳಿತರು. ಸತ್ತವರ ಸೀರೆಗೆ ಕತ್ತರಿ ಹಾಕುವುದು ಅಮಂಗಳವೆಂದು ನಾನು ಕಠಿನವಾಗಿಯೇ ಹೇಳಿದೆನು. ಮೊಮ್ಮಗಳು ಎದುರಾಡಲಿಲ್ಲ, ಕತ್ತರಿಯನ್ನು ಕೆಳಗಿಡಲೂ ಇಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಚಾವಡಿಯಿಂದ ನಗುವು ಕೇಳಿಸಿತು. ಸಂವತ್ಸರವು ತುಂಬದ ಮನೆ. ಗದರಿಸಬೇಕೆಂದೇ ಎದ್ದು ಹೋದೆನು. ಬಾಗಿಲ ಬಳಿ ನಿಂತು ಕೇಳಿದರೆ, ಹುಡುಗಿಯು ಅರಸಿನದ ಕಲೆಯಿದ್ದ ತುಂಡನ್ನು ಹಿಡಿದು, ಅಜ್ಜಿಯು ಪತ್ರೊಡೆಗೆ ಖಾರ ಹೆಚ್ಚಾದುದನ್ನು ಒಪ್ಪಿಕೊಳ್ಳದೆ, ತಾನೇ ಎರಡು ಹೆಚ್ಚು ತಿಂದು ಕಣ್ಣೀರು ಸುರಿಸುತ್ತ “ಖಾರವೆಲ್ಲಿದೆ?” ಎಂದ ಕತೆಯನ್ನು ಹೇಳುತ್ತಿದ್ದಳು. ಐದು ತಿಂಗಳಲ್ಲಿ ಅವಳು ಅಜ್ಜಿಯ ವಿಷಯವಾಗಿ ಆಡಿದ ಮೊದಲ ಮಾತು ಅದು. ನಾನು ಗದರಿಸದೆ ಹಿಂತಿರುಗಿದೆನು.

ಆ ರಾತ್ರಿ ಯಾಜ್ಞವಲ್ಕ್ಯ ಸ್ಮೃತಿಯನ್ನು ತೆಗೆದು ನೋಡಿದೆನು. ಉದಕದಾನವನ್ನು ಮಾಡಿ, ಸ್ನಾನಮಾಡಿ, ನೀರಿನಿಂದ ಮೇಲಕ್ಕೆ ಬಂದು ಮೃದುವಾದ ಹುಲ್ಲಿನ ಮೇಲೆ ಕುಳಿತ ಬಂಧುಗಳ ದುಃಖವನ್ನು ಪುರಾತನವಾದ ಇತಿಹಾಸಗಳನ್ನು ಹೇಳಿ ಹಿರಿಯರು ಕಳೆಯಬೇಕೆಂದು ಅಲ್ಲಿ ವಿಧಿಯಿದೆ. ಅಶೌಚವು ಆರಂಭವಾದ ದಿನವೇ, ಕತೆಯಿಂದ, ಒಟ್ಟಿಗೆ ಕುಳಿತು ಸಮಾಧಾನ! ಈ ಭಾಗವನ್ನು ನಾನು ಪಾಠಶಾಲೆಯಲ್ಲಿ ಓದಿದ್ದೆನು, ಇತರರಿಗೂ ಓದಿಸಿದ್ದೆನು. ನನ್ನ ಮನೆಗೆ ದುಃಖವು ಬಂದಾಗ ಮಾತ್ರ ಮಗುವಿಗೆ ಸಿದ್ಧಾಂತವನ್ನು ಹೇಳಿದೆನೇ ಹೊರತು ಕತೆಯನ್ನು ಹೇಳಲಿಲ್ಲ.

ಕತ್ತರಿಯ ವಿಷಯದಲ್ಲಿಯೂ ನನ್ನ ಮಾತು ನಿಲ್ಲಲಿಲ್ಲ. ಸಪಿಂಡೀಕರಣದಲ್ಲಿ ಪ್ರೇತಪಿಂಡವನ್ನು ಮೂರು ಭಾಗ ಮಾಡಿ ಪಿತೃಪಿಂಡಗಳೊಡನೆ ಕೂಡಿಸುವರು. ಭಾಗಿಸಿದ ಹೊರತು ಕೂಡಿಸಲಾಗದು. ಆ ಹನ್ನೆರಡನೆಯ ದಿನವನ್ನು ಕಣ್ಣಾರೆ ಕಂಡವನು, ಸೀರೆಯನ್ನು ಕತ್ತರಿಸಿ ಜೋಡಿಸುವುದು ಅಮಂಗಳವೆಂದು ಹೇಗೆ ಹೇಳಲಿ? “ಸಮಾಧಾನ”ವೆಂಬ ಪದಕ್ಕೂ ಚೆನ್ನಾಗಿ ಒಂದೆಡೆ ಕೂಡಿಸಿ ಇಡುವುದೆಂದೇ ಧಾತ್ವರ್ಥ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಪ್ರಾಂತಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕಾ ಖಂಡದವರು. ಆ ಸ್ತ್ರೀಯರು ಕೌದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತುಸುತ್ತಾಗಿ ಒಳಕ್ಕೆ ಹೊಲಿಯುತ್ತ ನಡುವಿಗೆ ಬಂದು ಮುಗಿಸುವರು. ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೂವಿನಂತೆ ಇಡದಿದ್ದರೆ ಅದು ಅಪೂರ್ಣವೆಂದು ಅವರ ಭಾವನೆ. ನಮ್ಮ ಚಾವಡಿಯ ಕೌದಿಯೂ ಅದೇ ಕ್ರಮದಲ್ಲಿ ಸಾಗಿತು, ಮಾತೂ ಹಾಗೆಯೇ. ಮೊದಲು ಪತ್ರೊಡೆ, ಅಂಗಳದ ಮಲ್ಲಿಗೆ, ಹಟ್ಟಿಯ ಹಸು. ಆಮೇಲೆ ಅಜ್ಜಿಯ ಕಾಯಿಲೆ. ಬಹುದಿನಗಳ ಬಳಿಕ ಆ ಕಡೆಯ ರಾತ್ರಿ. ಉಪದೇಶಮಾಡಿದ ನಾನು ನೆಟ್ಟಗೆ ನಡುವಿಗೇ ಕೈ ಹಾಕಿದ್ದೆನು.

ಇದು ಹೆಂಗಸರ ಹೊತ್ತುಗಳೆಯುವ ಕೆಲಸವೆಂದು ಯಾರೂ ಎಣಿಸಬಾರದು. 1987ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಬಯಲಿನಲ್ಲಿ, ಏಡ್ಸ್ ರೋಗದಿಂದ ಮಡಿದವರ ಸ್ಮರಣೆಗಾಗಿ 1,920 ಭಾಗಗಳ ಕೌದಿಯನ್ನು ಹಾಸಿದರು. ಒಂದೊಂದು ಭಾಗವೂ 3 ಅಡಿ ಅಗಲ, 6 ಅಡಿ ಉದ್ದ. ಒಬ್ಬ ಮನುಷ್ಯನ ಗೋರಿಯ ಅಳತೆ. ಅವರಲ್ಲಿ ಎಷ್ಟೋ ಮಂದಿಯ ವಿಷಯವಾಗಿ ಬಹಿರಂಗದಲ್ಲಿ ದುಃಖಿಸುವುದಕ್ಕೂ ಜನರು ಅಂಜುತ್ತಿದ್ದ ಕಾಲವದು. ಮಾತಿಗೆ ಎಡೆಯಿಲ್ಲದಲ್ಲಿ ಸೂಜಿಯು ಮಾತನಾಡಿತು.

ಹಾಗಾದರೆ ಎಲ್ಲ ಸಮಾಧಾನವೂ ಧರ್ಮ್ಯವೇ? ಅಲ್ಲವೆಂದೇ ನನ್ನ ಮತ. ಮೃತರ ನೆನಪನ್ನು ಹೊರಗಿಟ್ಟು ಬಾಗಿಲನ್ನು ಹಾಕಿಕೊಂಡು ಪಡೆಯುವ ಸುಖವು ವಿಸ್ಮೃತಿ. ಅದನ್ನು ನಡುವೆ ಇರಿಸಿಕೊಂಡು ಪಡೆಯುವುದು ಸಮಾಧಾನ. ಎರಡರಲ್ಲಿಯೂ ನಗುವಿರಬಹುದು. ಆದುದರಿಂದ ನಗುವನ್ನು ಕೇಳಿದೊಡನೆ ತೀರ್ಪು ಕೊಡದೆ, ಆ ನಗುವಿನಲ್ಲಿ ಹೋದವರಿಗೆ ಪಾಲಿದೆಯೇ ಎಂದು ವಿಚಾರಿಸತಕ್ಕುದು. ಗೆಳತಿಯರು ಬೇಕಾಗುವುದೂ ಇದಕ್ಕಾಗಿಯೇ. ಮನೆಯವರೆಲ್ಲರಿಗೂ ಅಜ್ಜಿಯ ಕತೆಗಳು ಗೊತ್ತು. ಗೊತ್ತಿಲ್ಲದವರು ಕುಳಿತು ಕೇಳಿದಾಗ ಮಾತ್ರ ಅವನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಶ್ರಾವಣದಲ್ಲಿ ಕೌದಿಯ ಒಳಪದರಕ್ಕೆ ಬಟ್ಟೆಯು ಸಾಲದಾಯಿತು. ನಾನು ನನ್ನ ಹಳೆಯ ಪಂಚೆಯೊಂದನ್ನು ತಂದುಕೊಟ್ಟೆನು. ಅದರಲ್ಲಿ ಒಂದೆಡೆ ತೇಪೆಯಿತ್ತು. “ಇದು ಅಜ್ಜಿಯ ಹೊಲಿಗೆಯಲ್ಲವೇ?” ಎಂದು ಮೊಮ್ಮಗಳು ಕೇಳಿದಳು. ಮಗನ ವಿದ್ಯಾಭ್ಯಾಸದ ಖರ್ಚಿಗಾಗಿ ಹೊಸ ಪಂಚೆಯನ್ನು ಕೊಳ್ಳದೆ ಕಳೆದ ಒಂದು ವರ್ಷದ ಕತೆಯನ್ನು ಹೇಳಲಾರಂಭಿಸಿದೆನು. ನಡುವೆ ನನ್ನ ಕಂಠವು ಬಿಗಿಯಿತು. ಹುಡುಗಿಯರು ಯಾರೂ ತಲೆಯೆತ್ತಿ ನೋಡಲಿಲ್ಲ. ಸೂಜಿಗಳು ಸಾಗುತ್ತಲೇ ಇದ್ದುವು. ಅದಕ್ಕಿಂತ ಹೆಚ್ಚಿನ ಉಪಕಾರವನ್ನು ಆ ಐದು ತಿಂಗಳಲ್ಲಿ ನನಗೆ ಯಾರೂ ಮಾಡಿರಲಿಲ್ಲ.

ಇದನ್ನು ಬರೆಯುವಾಗ ಕೌದಿಯ ನಡುವೆ ಒಂದು ಮೊಳದಷ್ಟು ಉಳಿದಿದೆ. ವರ್ಷಾಬ್ದಿಕದೊಳಗೆ ಮುಗಿಸುವೆವೆಂದು ಹುಡುಗಿಯರು ಹೇಳುತ್ತಾರೆ. ಅವಸರವೇನೂ ಇಲ್ಲವೆಂದು ನಾನು ಹೇಳಿದ್ದೇನೆ.