ಮನೆಗೆ ಮರಿ ಬಂದಾಗ ಹಳೆಯ ಬೆಕ್ಕಿನ ಜಾಗ

ನಿಮ್ಮ ಮನೆಯಲ್ಲಿ ಬೆಕ್ಕು ಇದೆಯೇ? ಕನಕಪುರ ತಾಲ್ಲೂಕಿನ ಸಾತನೂರು, ಹಾರೋಬೆಲೆ ಕಡೆಯ ರೇಷ್ಮೆ ಬೆಳೆಗಾರರನ್ನು ಹೀಗೆ ಕೇಳಿದರೆ ನಕ್ಕುಬಿಟ್ಟಾರು. ಹುಳುಮನೆ ಇದ್ದಲ್ಲಿಗೆ ಇಲಿ ಬರುತ್ತದೆ, ಇಲಿ ಬರುವ ಮನೆಗೆ ಬೆಕ್ಕು ಬೇಕು. ನಾಲ್ಕು ಜ್ವರ ದಾಟಿಸಿ, ಹೊತ್ತು ಹೊತ್ತಿಗೆ ಸೊಪ್ಪು ಹಾಕಿ ಬೆಳೆಸಿದ ಹುಳು ಹಣ್ಣಾಗಿ ಚಂದ್ರಂಕಿಗೆ ಬಿಡುವ ಸಮಯದಲ್ಲಿ ಇಲಿ ನುಗ್ಗಿದರೆ, ತಿಂಗಳ ದುಡಿಮೆ ಒಂದೆರಡು ರಾತ್ರಿಯಲ್ಲಿ ಹಾಳು. ಹುಳುವಿಗೆ ತಗಲೀತೆಂಬ ಭಯದಿಂದ ವಿಷದ ಔಷಧಿಗೂ ಕೈ ಹಾಕುವಂತಿಲ್ಲ. ಆದ್ದರಿಂದ ಬೆಕ್ಕು ನಮ್ಮಲ್ಲಿ ಮುದ್ದಿನ ಪ್ರಾಣಿ ಮಾತ್ರವಲ್ಲ. ದನ ಕೋಳಿಗಳ ಹಾಗೆ ಮನೆಗಾಗಿ ದುಡಿಯುವ ಜೀವ.

ನಮ್ಮ ಮನೆಯ ಬೂದಿ ಹೀಗೆ ಒಂಬತ್ತು ವರ್ಷ ದುಡಿದ ಬೆಕ್ಕು. ಮೈಬಣ್ಣ ನೋಡಿ ಮಕ್ಕಳು ಇಟ್ಟ ಹೆಸರು ಅದು. ಒಲೆಯ ಪಕ್ಕದ ಗೋಣಿತಾಟು ಅದರ ಜಾಗ. ಒಂದು ಭಾನುವಾರ ಪೂಜೆ ಮುಗಿಸಿ ಬರುವಾಗ ನನ್ನ ಕಿರಿಯ ಮಗಳು ನೆಂಟರ ಮನೆಯಿಂದ ಎರಡು ತಿಂಗಳ ಮರಿಯೊಂದನ್ನು ಬುಟ್ಟಿಯಲ್ಲಿ ತಂದಳು. ಬೂದಿಗೆ ವಯಸ್ಸಾಯಿತು, ಅದಕ್ಕೊಂದು ಜೊತೆಯಾಗಲಿ, ಮುಂದೆ ಇಲಿ ಹಿಡಿಯುವುದಕ್ಕೂ ಒಂದು ಬೇಕಲ್ಲ ಎಂಬುದು ನಮ್ಮ ಲೆಕ್ಕ. ಮರಿಯನ್ನು ನೇರವಾಗಿ ತಂದು ಆ ಗೋಣಿತಾಟಿನ ಮೇಲೆಯೇ ಬಿಟ್ಟೆವು.

ಬೂದಿ ಬೆನ್ನು ಉಬ್ಬಿಸಿ, ಬಾಲ ದಪ್ಪ ಮಾಡಿ, 'ಹಿಸ್' ಎಂದು ಹಲ್ಲು ತೋರಿಸಿತು. ಮರಿ ನಡುಗುತ್ತಾ ಮೂಲೆಗೆ ಸರಿಯಿತು. ಮಗಳು ಅಳತೊಡಗಿದಳು. ನನಗೆ ಸಿಟ್ಟು ಬಂತು. "ಇಷ್ಟು ವರ್ಷ ಅನ್ನ ತಿಂದಿದ್ದೀಯ, ಒಂದು ಕೂಸಿಗೆ ಜಾಗ ಕೊಡಲಾರೆಯಾ?" ಎಂದು ಕೈಯಲ್ಲಿದ್ದ ಪೊರಕೆಯಿಂದ ಬೂದಿಗೆ ಒಂದು ಏಟು ಹಾಕಿದೆ. ಅದು ಅಟ್ಟ ಹತ್ತಿತು. ಆ ದಿನ ಇಳಿಯಲಿಲ್ಲ. ಮರುದಿನವೂ ಊಟ ಮುಟ್ಟಲಿಲ್ಲ.

ಪಡಸಾಲೆಯ ಮಂಚದಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ನಮ್ಮತ್ತೆ ಒಂದೇ ಮಾತು ಹೇಳಿದರು: "ಅದನ್ನ ಯಾಕವ್ವ ಹೊಡೀತೀಯ? ನನ್ನ ಜಾಗ ನಂಗೇ ಐತಾ ಇಲ್ವಾ ಅಂತ ಕೇಳ್ತಾ ಐತೆ, ಅಷ್ಟೇಯ."

ಓದುಗರೇ, ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ಪ್ರಶ್ನೆ ಇದು. ಮನೆಗೆ ಹೊಸಬರು ಬಂದಾಗ ಹಳಬರಿಗೆ ಬರುವ ಸಿಟ್ಟು ಪಾಪವೇ? ಅಥವಾ ಅದು ನ್ಯಾಯವಾದ ಒಂದು ಪ್ರಶ್ನೆಯೇ?

ಮೊದಲು ಬೆಕ್ಕಿನ ವಿಷಯವನ್ನೇ ನೋಡೋಣ. ನಾಯಿ ಗುಂಪಿನಲ್ಲಿ ಬೇಟೆಯಾಡುವ ತೋಳದ ವಂಶದ್ದು. ಬೆಕ್ಕು ಹಾಗಲ್ಲ. ಅದರ ಮೂಲ, ಒಂಟಿಯಾಗಿ ಬೇಟೆಯಾಡುವ ಕಾಡುಬೆಕ್ಕು. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ರೈತರು ಧಾನ್ಯ ಕೂಡಿಡಲು ಆರಂಭಿಸಿದಾಗ, ಇಲಿಗಳ ಹಿಂದೆಯೇ ಬೆಕ್ಕೂ ಮನುಷ್ಯನ ಹತ್ತಿರ ಬಂತು ಎನ್ನುತ್ತಾರೆ ವಿಜ್ಞಾನಿಗಳು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂತಿದ್ದು ಸಿಕ್ಕಿದೆ. 2004ರಲ್ಲಿ ಇದರ ವಿವರ ಪ್ರಕಟವಾಯಿತು. ಇಷ್ಟು ಕಾಲ ನಮ್ಮೊಡನೆ ಬಾಳಿದರೂ ತನ್ನ ಜಾಗ ತನ್ನದಾಗಿರಬೇಕೆಂಬ ಗುಣವನ್ನು ಬೆಕ್ಕು ಬಿಟ್ಟಿಲ್ಲ. ಬಾಗಿಲಿನ ಚೌಕಟ್ಟಿಗೆ, ಮಂಚದ ಕಾಲಿಗೆ, ನಮ್ಮ ಕಾಲಿಗೂ ಅದು ಕೆನ್ನೆ ಉಜ್ಜುವುದನ್ನು ನೀವು ಕಂಡಿದ್ದೀರಿ. ಆ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಹಾಗೆ ಉಜ್ಜಿ ಉಜ್ಜಿ ಅದು ಮನೆಯನ್ನೆಲ್ಲ ತನ್ನ ಪರಿಚಯದ ವಾಸನೆಯಿಂದ ತುಂಬಿಕೊಳ್ಳುತ್ತದೆ. ಅಂಥ ಮನೆಗೆ ಗುರುತಿಲ್ಲದ ವಾಸನೆಯೊಂದು ಒಮ್ಮೆಲೇ ಬಂದು ಹಾಸಿಗೆಯ ಮೇಲೆಯೇ ಕುಳಿತರೆ ಅದಕ್ಕೆ ಭಯವಾಗುತ್ತದೆ. 'ಹಿಸ್' ಎನ್ನುವುದು ದ್ವೇಷವಲ್ಲ. ದೂರ ಇರು, ಜಗಳ ಬೇಡ ಎಂಬ ಎಚ್ಚರಿಕೆ. ಅದಕ್ಕೆ ಏಟು ಬಿದ್ದರೆ ಬೆಕ್ಕು ಕಲಿಯುವ ಪಾಠವೂ ಒಂದೇ: ಈ ಮರಿ ಬಂದಾಗಿನಿಂದ ನನಗೆ ಏಟು ಬೀಳುತ್ತಿದೆ.

ಹಾಗಾದರೆ ತಪ್ಪು ಯಾರದು? ಬೂದಿಯದಲ್ಲ. ತಾಯಿಯಿಂದ ಅಗಲಿ ಬಂದ ಮರಿಯದಂತೂ ಅಲ್ಲವೇ ಅಲ್ಲ. ಇಬ್ಬರನ್ನೂ ಕೇಳದೆ ಒಂದೇ ಗೋಣಿತಾಟಿನ ಮೇಲೆ ತಂದು ಹಾಕಿದವರು ನಾವು. ಕೂಡಿಸುವ ಶಕ್ತಿ ಯಾರ ಕೈಯಲ್ಲಿದೆಯೋ, ಕೂಡಿಸಿದ್ದರ ಹೊಣೆಯೂ ಅವರದೇ. ನಾನು ನನ್ನ ಹೊಣೆಯನ್ನು ಬೂದಿಯ ಬೆನ್ನ ಮೇಲೆ ಹೊರಿಸಿದ್ದೆ.

ಮತ್ತೆ ಮೊದಲಿನಿಂದ ಆರಂಭಿಸಿದೆವು. ಮರಿಯನ್ನು ಉಗ್ರಾಣದ ಕೋಣೆಯಲ್ಲಿ, ಮರಳಿನ ತಟ್ಟೆ ಮತ್ತು ನೀರಿನೊಡನೆ, ಬೇರೆಯಾಗಿ ಇಟ್ಟೆವು. ಇದಕ್ಕೆ ಆರೋಗ್ಯದ ಕಾರಣವೂ ಇದೆ. ಹೊರಗಿನಿಂದ ಬಂದ ಮರಿಗೆ ಹುಳದ ಬಾಧೆಯೋ, ಚಿಗಟವೋ, ಅಂಟುರೋಗವೋ ಇದ್ದರೆ ಹಳೆಯದಕ್ಕೂ ಹರಡೀತು. ಪಶುವೈದ್ಯರಿಗೆ ತೋರಿಸಿ, ಮರಿಗೆ ಹಾಕಿಸಬೇಕಾದ ಲಸಿಕೆಗಳನ್ನು ಕೇಳಿ ಹಾಕಿಸಬೇಕು. ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನು ಮರೆಯಬಾರದು.

ಬೂದಿ ಅಟ್ಟದಿಂದ ಇಳಿದು ಬಂತು. ಅದರ ಗೋಣಿತಾಟು ಅದಕ್ಕೇ ಸಿಕ್ಕಿತು. ಮರಿ ಮಲಗಿದ ಬಟ್ಟೆಯ ತುಂಡನ್ನು ಬೂದಿಯ ಹತ್ತಿರ, ಬೂದಿಯದನ್ನು ಮರಿಯ ಹತ್ತಿರ ಇಟ್ಟೆವು. ಮುಖ ನೋಡುವ ಮೊದಲು ವಾಸನೆಯ ಪರಿಚಯವಾಗಲಿ ಎಂದು. ಆಮೇಲೆ ಮುಚ್ಚಿದ ಬಾಗಿಲಿನ ಆಚೆಗೊಂದು, ಈಚೆಗೊಂದು ತಟ್ಟೆ ಇಟ್ಟು ಊಟ ಹಾಕಿದೆವು. ಮೊದಲು ದೂರದಲ್ಲಿಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ. ವಾರ ಕಳೆದ ಮೇಲೆ ಬಾಗಿಲನ್ನು ಬೆರಳಷ್ಟು ತೆರೆದೆವು. ಬೂದಿ ನೋಡಿತು, 'ಹಿಸ್' ಎಂದಿತು, ಮತ್ತೆ ತಿನ್ನತೊಡಗಿತು. ಈ ಸಲ ಯಾರೂ ಹೊಡೆಯಲಿಲ್ಲ. ನಂತರ ದಿನಕ್ಕೆ ಐದು ಹತ್ತು ನಿಮಿಷ, ನಮ್ಮ ಕಣ್ಣೆದುರಿನಲ್ಲಿ, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಟ್ಟೆವು. ಊಟ ಮೊದಲು ಬೂದಿಗೆ, ತಲೆ ಸವರುವುದೂ ಮೊದಲು ಬೂದಿಗೆ. ನಮ್ಮ ಮನೆಯಲ್ಲಿ ಇದಕ್ಕೆ ಮೂರು ವಾರ ಹಿಡಿಯಿತು. ಕೆಲವು ಮನೆಗಳಲ್ಲಿ ತಿಂಗಳುಗಳೇ ಬೇಕಾಗಬಹುದು.

ಇದರಲ್ಲಿ ಒಂದು ಪಾಠ ಕಲಿತೆ. ಒಂದೇ ತಟ್ಟೆಯನ್ನು ನಡುವೆ ಇಟ್ಟು "ಇಬ್ಬರಿಗೂ ಸಮ" ಎಂದರೆ ಅದು ನ್ಯಾಯವಲ್ಲ. ಚುರುಕಾದ ಮರಿ ತಿಂದು ಮುಗಿಸುತ್ತದೆ, ಹಳೆಯದು ದೂರ ನಿಂತು ನೋಡುತ್ತದೆ. ಇಬ್ಬರಿಗೂ ಬೇರೆ ತಟ್ಟೆ, ಬೇರೆ ಮರಳಿನ ತಟ್ಟೆ, ಭಯವಾದಾಗ ಅಡಗಲು ಬೇರೆ ಮೂಲೆ ಇದ್ದಾಗ ಮಾತ್ರ ನಡುವಿನ ನೆಲ ಇಬ್ಬರದೂ ಆಗುತ್ತದೆ.

"ಒಂದು ಬೆಕ್ಕಿಗಾಗಿ ಇಷ್ಟೊಂದು ಚಿಂತೆಯೇ?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಎರಡೂ ಕಡೆಯ ಮಾತನ್ನು ಹೇಳುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆ ತೋರಲೇಬೇಕು, ಅನಗತ್ಯವಾಗಿ ಅವುಗಳನ್ನು ನರಳಿಸುವುದು ಮನುಷ್ಯನ ಘನತೆಗೇ ತಕ್ಕುದಲ್ಲ ಎನ್ನುತ್ತದೆ. ಮನುಷ್ಯರ ಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ, ಮನುಷ್ಯರಿಗೇ ಸಲ್ಲಬೇಕಾದ ಮಮತೆಯನ್ನು ಅವುಗಳಿಗೆ ಕೊಡುವುದೂ ಸರಿಯಲ್ಲ ಎಂದೂ ಎಚ್ಚರಿಸುತ್ತದೆ. ಬೂದಿಗಾಗಿ ನಾವು ಹೆಚ್ಚು ಖರ್ಚು ಮಾಡಿದ್ದು ಹಣವನ್ನಲ್ಲ, ತಾಳ್ಮೆಯನ್ನು. ಆದರೆ ಆ ಎರಡನೆಯ ಎಚ್ಚರಿಕೆಯ ಮುಂದೆ ನಾನು ನಿಲ್ಲಬೇಕಾಯಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯದ ದುಂದುಗಾರ ಮಗನ ಸಾಮತಿ ನಿಮಗೆಲ್ಲ ಗೊತ್ತು. ತಂದೆ ಓಡಿಹೋಗಿ ಕಿರಿಯವನನ್ನು ತಬ್ಬಿಕೊಂಡದ್ದನ್ನು ನಾವು ಮರೆಯುವುದಿಲ್ಲ. ಹಿರಿಯ ಮಗನನ್ನು ಮಾತ್ರ ಹೊಟ್ಟೆಕಿಚ್ಚಿನವನೆಂದು ಬೇಗ ತೀರ್ಪು ಕೊಟ್ಟುಬಿಡುತ್ತೇವೆ. ಅವನು ಎಲ್ಲಿದ್ದ, ನೋಡಿ. ಹೊಲದಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಹಾಡು, ಕುಣಿತ ನಡೆದಿದೆ. ಏನೆಂದು ಅವನಿಗೆ ತಿಳಿದದ್ದು ಒಬ್ಬ ಆಳಿನಿಂದ. ಅವನು ಒಳಗೆ ಬರಲಿಲ್ಲ. ಆಗ ತಂದೆ ಏನು ಮಾಡಿದ? ಬೈದು ಕಳುಹಿಸಲಿಲ್ಲ. ತಾನೇ ಹೊರಗೆ ಬಂದು ಬೇಡಿಕೊಂಡ. ಆ ದಿನ ತಂದೆ ಮನೆಯಿಂದ ಹೊರಗೆ ಬಂದದ್ದು ಎರಡು ಸಲ: ಒಮ್ಮೆ ಕಿರಿಯವನಿಗಾಗಿ, ಇನ್ನೊಮ್ಮೆ ಹಿರಿಯವನಿಗಾಗಿ. ಹಿರಿಯವನಿಗೆ ಮೊದಲು ಹೇಳಿದ್ದು ಅವನ ಜಾಗದ ಮಾತನ್ನೇ. ನೀನು ಸದಾ ನನ್ನ ಜೊತೆಗಿರುವವನು, ನನ್ನದೆಲ್ಲ ನಿನ್ನದೇ ಎಂಬ ಭರವಸೆಯನ್ನು. ತಮ್ಮನಿಗಾಗಿ ಸಂತೋಷಪಡಬೇಕೆಂಬ ಬುದ್ಧಿಮಾತು ಆಮೇಲಿನದು.

ಆದರೂ ತಂದೆ ಹಬ್ಬವನ್ನು ನಿಲ್ಲಿಸಲಿಲ್ಲ. ಇದನ್ನೂ ಗಮನಿಸಿ. ಹಳಬರಿಗೆ ತಮ್ಮ ಜಾಗದ ಹಕ್ಕು ಇದೆ. ಹೊಸಬರನ್ನು ಹೊರಗಟ್ಟುವ ಹಕ್ಕು ಇಲ್ಲ. ಬೂದಿ ಮರಿಯ ಮೇಲೆ ಉಗುರು ಹಾಕಲು ಹೋದಾಗಲೆಲ್ಲ ನಡುವೆ ರಟ್ಟಿನ ಹಲಗೆ ಹಿಡಿದು ಬೇರೆ ಮಾಡಿದ್ದೇವೆ. ಮರಿಯನ್ನು ವಾಪಸು ಕಳುಹಿಸಲಿಲ್ಲ.

ಈಗ ನಿಮ್ಮ ಮನೆಯನ್ನು ನೋಡಿಕೊಳ್ಳಿ. ಎರಡನೆಯ ಮಗು ಹುಟ್ಟಿದ ದಿನವೇ ಮೂರು ವರ್ಷದ ಮೊದಲನೆಯದಕ್ಕೆ "ನೀನು ದೊಡ್ಡವನು, ಬಿಟ್ಟುಕೊಡು" ಎನ್ನುತ್ತೇವೆ. ನಿನ್ನೆಯವರೆಗೆ ಕೂಸಾಗಿದ್ದವನು ಒಂದೇ ರಾತ್ರಿಯಲ್ಲಿ ದೊಡ್ಡವನಾದದ್ದು ಹೇಗೆ? ಅವನು ತೊಟ್ಟಿಲು ಅಲುಗಾಡಿಸಿ ಮಗುವನ್ನು ಅಳಿಸಿದರೆ ಏಟು ಕೊಡುತ್ತೇವೆ. ಅವನೂ ಕೇಳುತ್ತಿರುವುದು ಬೂದಿಯ ಪ್ರಶ್ನೆಯನ್ನೇ. ಸೊಸೆ ಬಂದ ಮನೆಯಲ್ಲಿ ಅತ್ತೆಗೂ, ಅತ್ತೆ ಇರುವ ಮನೆಗೆ ಬಂದ ಸೊಸೆಗೂ "ಪ್ರೀತಿಯಿಂದಿರಿ" ಎಂದು ಉಪದೇಶ ಮಾಡುತ್ತೇವೆ. ಪ್ರೀತಿಯನ್ನು ಅಪ್ಪಣೆ ಮಾಡಿ ತರಿಸಲಾಗದು. ಇಬ್ಬರಿಗೂ ಭಯವಿಲ್ಲದ ಜಾಗವನ್ನು ಮಾಡಿಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ. ಪ್ರೀತಿ ಬಂದರೆ ಅದು ದೇವರ ಕೊಡುಗೆ.

ನಾನು ನಿಂತ ಜಾಗ ಯಾವುದೆಂದು ಹೇಳುತ್ತೇನೆ ಎಂದಿದ್ದೆನಲ್ಲ. ಹಿಂದಿನ ವರ್ಷ ನನ್ನ ಹಿರಿಯ ಮಗನ ಮದುವೆಯಾದಾಗ ಒಳಕೋಣೆಯನ್ನು ಹೊಸ ದಂಪತಿಗಳಿಗೆ ಬಿಟ್ಟು, ಅತ್ತೆಯ ಮಂಚವನ್ನು ಪಡಸಾಲೆಗೆ ಹಾಕಿಸಿದ್ದೆ. ಬೇರೆ ದಾರಿ ಇರಲಿಲ್ಲ. ಆದರೆ ಅವರನ್ನು ಒಂದು ಮಾತು ಕೇಳಿರಲಿಲ್ಲ. ಅವರು ಏನೂ ಹೇಳಿರಲಿಲ್ಲ. ಬೂದಿಗೆ ಮೂರು ವಾರ ತಾಳ್ಮೆ ತೋರಿಸಿದ ನಾನು, ಅವರಿಗೆ ಮೂರು ನಿಮಿಷ ಕೊಟ್ಟಿರಲಿಲ್ಲ.

ಒಂದು ಸಂಜೆ ಜಪಸರ ಮುಗಿದ ಮೇಲೆ ಹತ್ತಿರ ಕುಳಿತು ಕೇಳಿದೆ: "ಅತ್ತೆ, ನಿಮ್ಮನ್ನ ಕೇಳದೆ ಮಂಚ ಆಚೆ ಹಾಕಿಸಿದ್ದು ತಪ್ಪಾಯ್ತು. ಒಳಗೆ ಬೇಕು ಅನ್ನಿಸ್ತದಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬ್ಯಾಡ ಬಿಡವ್ವ, ಇಲ್ಲೇ ಗಾಳಿ ಚೆನ್ನಾಗೈತೆ. ಮಕ್ಕಳು ಒಳಗಿರಲಿ," ಎಂದರು. ಮತ್ತೆ, "ಆ ನನ್ನ ಟ್ರಂಕು ಒಳಗೇ ಉಳ್ಕಂಡದೆ. ಮಾತೆ ಮರಿಯಮ್ಮನವರ ಪಟಾನೂ ಅಲ್ಲೇ ಐತೆ. ಅವೆರಡನ್ನ ಇಲ್ಲಿಗೆ ತಂದಿಡು," ಎಂದರು. ಆ ರಾತ್ರಿಯೇ ತಂದಿಟ್ಟೆವು. ಪಟಕ್ಕೆ ಮೊಳೆ ಹೊಡೆದು ಕೊಟ್ಟವಳು ಹೊಸ ಸೊಸೆ.

ಬೂದಿಯೂ ಮರಿಯೂ ಇಂದಿಗೂ ಪ್ರಾಣಸ್ನೇಹಿತರಲ್ಲ. ಒಲೆಯ ಈ ಪಕ್ಕ ಒಂದು, ಆ ಪಕ್ಕ ಒಂದು, ನಡುವೆ ಎರಡು ಮೊಳ ಬಿಟ್ಟು ಮಲಗುತ್ತವೆ. ಚಳಿಯ ರಾತ್ರಿ ಆ ಎರಡು ಮೊಳ ಒಂದು ಮೊಳವಾಗಿರುತ್ತದೆ. ಹಿರಿಯ ಮಗ ಕೊನೆಗೆ ಒಳಗೆ ಬಂದನೋ ಇಲ್ಲವೋ ಪ್ರಭು ಹೇಳಲಿಲ್ಲ. ತಂದೆ ಹೊರಗೆ ಬಂದು ಅವನ ಪಕ್ಕದಲ್ಲಿ ನಿಂತನೆಂಬಲ್ಲಿಗೆ ಸಾಮತಿ ಮುಗಿಯುತ್ತದೆ. ನಮ್ಮ ಪಾಲಿನ ಕೆಲಸವೂ ಅಷ್ಟೇ. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಯಾರ ಮಂಚ, ಯಾರ ತಟ್ಟೆ, ಯಾರ ಮೂಲೆ ಸರಿದಿದೆ? ಇಂದು ಸಂಜೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಕೇಳಿ.